ಹೆಣ ಸುಟ್ಟವರು ಯಾರು? – ‘ಸಂಸ್ಕಾರ’ವನ್ನು ಮತ್ತೆ ನೋಡಿದಾಗ



ನಮ್ಮ ಬಳಗದ ತಿಂಗಳ ಭೇಟಿಯೆಂದರೆ ನಿಮಗೆಲ್ಲ ಗೊತ್ತಿರುವುದೇ. ಒಂದು ಪುಸ್ತಕ ಇರುತ್ತದೆ, ಅದನ್ನು ಪೂರ್ತಿ ಓದಿಕೊಂಡು ಬಂದವರು ಮೂರು ಜನ ಇರುತ್ತಾರೆ, ಓದದಿದ್ದರೂ ಚೆನ್ನಾಗಿ ಮಾತನಾಡಬಲ್ಲವರು ಹತ್ತು ಜನ ಇರುತ್ತಾರೆ. ಈ ಸಲ ಆ ಸಂಕೋಚವೇ ಬೇಡವೆಂದು ಪುಸ್ತಕದ ಬದಲು ಸಿನಿಮಾ ಇಟ್ಟುಕೊಂಡೆವು. ಬರ್ಮಿಂಗ್‌ಹ್ಯಾಮಿಗೆ ಹತ್ತಿರದಲ್ಲೇ ಇರುವ ಸದಸ್ಯರೊಬ್ಬರ ಮನೆ. ಹೊರಗೆ ನಾಲ್ಕು ಗಂಟೆಗೇ ಕವಿದ ಕತ್ತಲೆ, ಬಿಡದ ಜಿಟಿಜಿಟಿ ಮಳೆ. ಒಳಗೆ ಬಿಸಿಬೇಳೆಭಾತು, ಮೊಸರನ್ನ, ಊರಿನಿಂದ ಬಂದಿದ್ದ ಅಪ್ಪೆಮಿಡಿ ಉಪ್ಪಿನಕಾಯಿ. ಹೊಟ್ಟೆತುಂಬ ಉಂಡು, ಕಾಫಿ ಲೋಟ ಹಿಡಿದು, ಇಡೀ ಅಗ್ರಹಾರ ಊಟವಿಲ್ಲದೆ ಒದ್ದಾಡುವ ಕಥೆಯನ್ನು ನೋಡಲು ಕುಳಿತೆವು. 1970ರ ‘ಸಂಸ್ಕಾರ’.

ಚಿತ್ರ ಶುರುವಾಗಿ ಅರ್ಧ ಗಂಟೆಯಾಗುವಷ್ಟರಲ್ಲಿ ನಮಗೆ ಒಂದು ವಿಷಯ ಹೊಳೆಯಿತು. ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಈ ಚಿತ್ರವನ್ನು ನೋಡಿಯೇ ಇರಲಿಲ್ಲ! ನೋಡಿದ್ದೇವೆಂದು ಇಷ್ಟು ವರ್ಷ ನಂಬಿಕೊಂಡಿದ್ದೆವು, ಅಷ್ಟೆ. ಕಾದಂಬರಿ ಓದಿದ್ದೆವು, ಚಿತ್ರದ ಬಗ್ಗೆ ಓದಿದ್ದೆವು, ಗಿರೀಶ ಕಾರ್ನಾಡರ ಬೋಳುತಲೆಯ, ಶಲ್ಯ ಹೊದ್ದ ಆ ಸ್ಥಿರಚಿತ್ರವನ್ನು ನೂರು ಕಡೆ ಕಂಡಿದ್ದೆವು. ಇವೆಲ್ಲ ಸೇರಿ ಮನಸ್ಸಿನಲ್ಲಿ ಒಂದು ಸಿನಿಮಾ ಆಗಿಬಿಟ್ಟಿತ್ತು. ಕೀರ್ತಿ ಎನ್ನುವುದು ಹೀಗೂ ಕೆಲಸ ಮಾಡುತ್ತದೆ. ಒಂದು ಕೃತಿ ಬಹಳ ದೊಡ್ಡದಾದರೆ ಅದನ್ನು ನೋಡುವ ಅಗತ್ಯವೇ ತಪ್ಪಿಹೋಗುತ್ತದೆ. ಪೆಟ್ಟಿಗೆಯಲ್ಲಿಟ್ಟು ಪೂಜಿಸುವ ಸಾಲಿಗ್ರಾಮದ ಹಾಗೆ.

ಆದ್ದರಿಂದ ಈ ತಿಂಗಳ ಪತ್ರದಲ್ಲಿ ಆ ಪೆಟ್ಟಿಗೆಯನ್ನು ತೆರೆದು ನೋಡುವ ಪ್ರಯತ್ನ ಮಾಡಿದ್ದೇವೆ. ಈ ಚಿತ್ರ ಎಲ್ಲಿಂದ ಬಂತು, ಯಾರು ಮಾಡಿದರು, ಅದರ ಹೆಸರು ಇಷ್ಟು ಕಾಲ ಹೇಗೆ ನಿಂತಿತು, ಮತ್ತು ಆ ಹೆಸರಿನ ಹಿಂದೆ ಯಾರು ಮರೆಯಾದರು ಎನ್ನುವುದು ನಮ್ಮ ವಿಷಯ.

* * *

ಕಥೆ ಶುರುವಾಗುವುದು ಮಲೆನಾಡಿನಲ್ಲಲ್ಲ, ನಾವಿರುವ ಈ ಊರಿನಲ್ಲೇ. ಯು. ಆರ್. ಅನಂತಮೂರ್ತಿಯವರು 1963ರಲ್ಲಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಪಡೆದು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯಕ್ಕೆ ಬಂದರು. 1930ರ ದಶಕದ ಇಂಗ್ಲಿಷ್ ಕಾದಂಬರಿ ಮತ್ತು ರಾಜಕೀಯ ಅವರ ಸಂಶೋಧನೆಯ ವಿಷಯ. ಆಗ ಅಲ್ಲಿ ಅಧ್ಯಾಪಕರಾಗಿದ್ದ ಕಾದಂಬರಿಕಾರ ಮಾಲ್ಕಂ ಬ್ರ್ಯಾಡ್‌ಬರಿ ಅವರ ಜೊತೆ ಒಂದು ಸಂಜೆ ಇಂಗ್ಮಾರ್ ಬರ್ಗ್‌ಮನ್ ನಿರ್ದೇಶಿಸಿದ ‘ದ ಸೆವೆಂತ್ ಸೀಲ್’ (1957) ನೋಡಲು ಹೋದರು. ಅದೂ ಕಪ್ಪುಬಿಳುಪಿನ ಚಿತ್ರವೇ. ಪ್ಲೇಗು ಹಬ್ಬಿದ ಮಧ್ಯಯುಗದ ಸ್ವೀಡನ್, ಸಾವಿನ ಜೊತೆ ಚದುರಂಗ ಆಡುವ ಒಬ್ಬ ಯೋಧ, ಎಷ್ಟು ಕೇಳಿದರೂ ಉತ್ತರ ಕೊಡದ ದೇವರು. ಅಂದು ತೋರಿಸಿದ ಪ್ರತಿಯಲ್ಲಿ ಸಬ್‌ಟೈಟಲ್ ಇರಲಿಲ್ಲ. ಸ್ವೀಡಿಷ್ ಭಾಷೆ ಬಾರದ ಅನಂತಮೂರ್ತಿ ಅರ್ಧಂಬರ್ಧ ಅರ್ಥ ಮಾಡಿಕೊಂಡೇ ನೋಡಿದರು.

ಚಿತ್ರ ಮುಗಿದ ಮೇಲೆ ನಡೆದ ಮಾತುಕತೆಯನ್ನು ಅನಂತಮೂರ್ತಿ ಮುಂದೆ ಹಲವು ಸಲ ನೆನಪಿಸಿಕೊಂಡಿದ್ದಾರೆ. ಯುರೋಪಿನ ಕಲಾವಿದ ಮಧ್ಯಯುಗವನ್ನು ಓದಿ, ಕಲಿತು, ಕಟ್ಟಿಕೊಳ್ಳಬೇಕು. ತನ್ನಂಥವನಿಗೆ ಅದು ಬಾಲ್ಯದ ನೆನಪು, ಈಗಲೂ ಪಕ್ಕದ ಕೋಣೆಯಲ್ಲಿ ಉಸಿರಾಡುತ್ತಿರುವ ಸಂಗತಿ. ಹಾಗಾದರೆ ಅದನ್ನೇ ಬರೆ ಎಂದು ಬ್ರ್ಯಾಡ್‌ಬರಿ ಹುರಿದುಂಬಿಸಿದರಂತೆ. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿ, ಅಗ್ರಹಾರದಲ್ಲಿ ಬೆಳೆದು, ಪ್ಲೇಗಿನ ದಿನಗಳನ್ನು ಹುಡುಗನಾಗಿದ್ದಾಗ ಕಂಡಿದ್ದ ಮನುಷ್ಯ ಬರ್ಮಿಂಗ್‌ಹ್ಯಾಮಿನ ಚಳಿಯಲ್ಲಿ ಕುಳಿತು ದೂರ್ವಾಸಪುರವನ್ನು ಬರೆದರು. 1965ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ‘ಸಂಸ್ಕಾರ’ವನ್ನು ಪ್ರಕಟಿಸಿತು.

ನಮ್ಮಲ್ಲಿ ಕೆಲವರು ಎಜ್‌ಬಾಸ್ಟನ್ನಿನ ಆ ಗಡಿಯಾರದ ಗೋಪುರದ ಕೆಳಗೆ ವಾರಕ್ಕೆರಡು ಸಲ ಓಡಾಡುವವರು. ಕನ್ನಡದ ಅಷ್ಟೊಂದು ಮಲೆನಾಡಿನ ಕಾದಂಬರಿ ಇಲ್ಲಿ ಬರೆಯಲ್ಪಟ್ಟಿತೆಂದು ತಿಳಿದ ದಿನದಿಂದ ಆ ಗೋಪುರದ ಮೇಲೆ ನಮಗೊಂದು ಬಗೆಯ ಬಾದರಾಯಣ ಸಂಬಂಧ. ತಮಾಷೆಗೆ ಹೇಳಿದ ಮಾತಾದರೂ ಅದರಲ್ಲೊಂದು ನಿಜವಿದೆ. ಊರಿನ ಬಗ್ಗೆ ಅಷ್ಟು ನಿಷ್ಠುರವಾಗಿ, ಅಷ್ಟೇ ಮೋಹದಿಂದ ಬರೆಯುವುದಕ್ಕೆ ಊರಿನಿಂದ ಸ್ವಲ್ಪ ದೂರ ಬೇಕಿತ್ತೋ ಏನೋ.

* * *

ಈ ದೂರ ಎನ್ನುವುದು ಚಿತ್ರದ ತಯಾರಿಯಲ್ಲೂ ಮುಂದುವರಿಯಿತು. ಅಪ್ಪಟ ಕನ್ನಡದ ಚಿತ್ರವೆಂದು ನಾವು ಎದೆಯುಬ್ಬಿಸಿ ಹೇಳುವ ‘ಸಂಸ್ಕಾರ’ ರೂಪುಗೊಂಡದ್ದು ಮದ್ರಾಸಿನ ಗೆಳೆಯರ ಬಳಗವೊಂದರಲ್ಲಿ. ನಿರ್ಮಾಪಕ, ನಿರ್ದೇಶಕ ಟಿ. ಪಟ್ಟಾಭಿರಾಮ ರೆಡ್ಡಿ (1919–2006) ನೆಲ್ಲೂರಿನವರು, ತೆಲುಗು ಕವಿ. ಇಪ್ಪತ್ತನೆಯ ವಯಸ್ಸಿನಲ್ಲೇ ‘ಫಿಡೇಲು ರಾಗಾಲ ಡಜನ್’ (1939) ಎಂಬ ಸಂಕಲನ ತಂದು, ತೆಲುಗು ಕಾವ್ಯದ ಛಂದಸ್ಸು, ಮಡಿಗಳನ್ನೆಲ್ಲ ಗೇಲಿ ಮಾಡಿ ಗದ್ದಲ ಎಬ್ಬಿಸಿದವರು. ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಓದಿ ಬಂದವರು. ‘ಪೆಳ್ಳಿನಾಟಿ ಪ್ರಮಾಣಾಲು’ (1958) ಮುಂತಾದ ತೆಲುಗಿನ ಜನಪ್ರಿಯ ಚಿತ್ರಗಳಿಗೆ ಹಣ ಹಾಕಿದ್ದವರು. ರಾಮಮನೋಹರ ಲೋಹಿಯಾ ಅವರ ವಿಚಾರಗಳನ್ನು ಮನಸಾರೆ ಒಪ್ಪಿದ ಸಮಾಜವಾದಿ. ಅವರು ಸ್ವತಃ ನಿರ್ದೇಶಿಸಿದ ಮೊದಲ ಚಿತ್ರ ಇದು. ಅದೂ ತಮ್ಮದಲ್ಲದ ಭಾಷೆಯಲ್ಲಿ.

ಅವರ ಪತ್ನಿ ಸ್ನೇಹಲತಾ ರೆಡ್ಡಿ 1955ರಲ್ಲಿ ಆರಂಭವಾದ ‘ಮದ್ರಾಸ್ ಪ್ಲೇಯರ್ಸ್’ ಎಂಬ ಇಂಗ್ಲಿಷ್ ನಾಟಕ ತಂಡದ ಸ್ಥಾಪಕರಲ್ಲೊಬ್ಬರು. ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನ ಮದ್ರಾಸ್ ಕಚೇರಿಯಲ್ಲಿ ಕೆಲಸಕ್ಕಿದ್ದ ಗಿರೀಶ ಕಾರ್ನಾಡರೂ ಆ ತಂಡದಲ್ಲಿದ್ದರು. ‘ಯಯಾತಿ’, ‘ತುಘಲಕ್’ ಬರೆದು ಆಗಲೇ ಹೆಸರು ಮಾಡಿದ್ದ ಕಾರ್ನಾಡರು ‘ಸಂಸ್ಕಾರ’ಕ್ಕೆ ಚಿತ್ರಕಥೆ ಬರೆದರು. ಪ್ರಾಣೇಶಾಚಾರ್ಯರ ಪಾತ್ರವನ್ನೂ ಮಾಡಿದರು. ನಾರಣಪ್ಪನಾಗಿ ಬಂದವರು ಪಿ. ಲಂಕೇಶ್. ಚಂದ್ರಿಯಾಗಿ ಸ್ನೇಹಲತಾ. ದಾಶರಥಿ ದೀಕ್ಷಿತ್, ಸಿ. ಆರ್. ಸಿಂಹ ಮೊದಲಾದವರು ಉಳಿದ ಪಾತ್ರಗಳಲ್ಲಿ. ಕಲಾ ನಿರ್ದೇಶನ ಚೋಳಮಂಡಲ ಕಲಾಗ್ರಾಮದ ಚಿತ್ರಕಾರ ಎಸ್. ಜಿ. ವಾಸುದೇವ್ ಅವರದು. ಸಂಗೀತ ರಾಜೀವ ತಾರಾನಾಥರದು. ಇಂಗ್ಲಿಷ್ ಸಾಹಿತ್ಯದ ಮೇಷ್ಟರೂ ಆಗಿದ್ದ, ಅಲಿ ಅಕ್ಬರ್ ಖಾನರ ಶಿಷ್ಯರಾದ ಆ ಸರೋದ್ ವಾದಕರು 2024ರ ಜೂನ್‌ನಲ್ಲಿ ತೀರಿಕೊಂಡಾಗ ನಮ್ಮ ಬಳಗದಲ್ಲೂ ಅವರನ್ನು ನೆನೆದಿದ್ದೆವು.

ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ಮುಂದೆ ತಮ್ಮ ದೇಶಕ್ಕೆ ಮರಳಿ ‘ಜರ್ನಿ ಅಮಾಂಗ್ ವಿಮೆನ್’ (1977) ಮೊದಲಾದ ಚಿತ್ರಗಳನ್ನು ಅವರೇ ನಿರ್ದೇಶಿಸಿದರು. ಚಿತ್ರೀಕರಣ ನಡೆದದ್ದು ಶೃಂಗೇರಿ ಸಮೀಪದ ವೈಕುಂಠಪುರ ಎಂಬ ಹಳ್ಳಿಯಲ್ಲಿ. ಅಂದರೆ, ಮಾಧ್ವ ಬ್ರಾಹ್ಮಣರ ಅಗ್ರಹಾರದ ಕಥೆಯನ್ನು ಬರ್ಮಿಂಗ್‌ಹ್ಯಾಮಿನಲ್ಲಿ ಒಬ್ಬ ಮಾಧ್ವರು ಬರೆದರು. ಅದನ್ನು ತೆಲುಗಿನ ರೆಡ್ಡಿಯೊಬ್ಬರು ನಿರ್ದೇಶಿಸಿದರು, ಸಾರಸ್ವತರೊಬ್ಬರು ಆಚಾರ್ಯರಾದರು, ಲಿಂಗಾಯತರೊಬ್ಬರು ಭ್ರಷ್ಟ ಬ್ರಾಹ್ಮಣನಾದರು, ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದ ಹೆಣ್ಣುಮಗಳು ಚಂದ್ರಿಯಾದರು, ಆಸ್ಟ್ರೇಲಿಯಾದ ತರುಣನೊಬ್ಬ ಅದನ್ನೆಲ್ಲ ಸೆರೆಹಿಡಿದ. ಜಾತಿಯ ಹೆಸರು ಹಿಡಿದು ಹೀಗೆ ಪಟ್ಟಿ ಮಾಡುವುದು ನಮಗೂ ಹಿತವಲ್ಲ. ಆದರೆ ಈ ಚಿತ್ರದ ಮಟ್ಟಿಗೆ ಈ ಪಟ್ಟಿಯೇ ಒಂದು ಹೇಳಿಕೆ.

* * *

ಕಥೆ ನಿಮಗೆಲ್ಲ ಗೊತ್ತು. ಆದರೂ ಕಾದಂಬರಿಯನ್ನು ಓದಿ ಮೂವತ್ತು ವರ್ಷವಾದವರಿಗಾಗಿ ಎರಡು ಮಾತು. ಶಿವಮೊಗ್ಗೆಗೆ ಹೋಗಿ ಬಂದ ನಾರಣಪ್ಪ ಜ್ವರ ಬಂದು ಸಾಯುತ್ತಾನೆ. ಅವನು ಹೆಂಡ ಕುಡಿದವನು, ಮಾಂಸ ತಿಂದವನು, ದೇವಸ್ಥಾನದ ಕೊಳದ ಮೀನು ಹಿಡಿಸಿದವನು, ಸಾಲಿಗ್ರಾಮವನ್ನು ಹೊಳೆಗೆಸೆದವನು, ಕಟ್ಟಿಕೊಂಡವಳನ್ನು ಬಿಟ್ಟು ಕುಂದಾಪುರದ ಚಂದ್ರಿಯನ್ನು ಮನೆಯಲ್ಲಿಟ್ಟುಕೊಂಡವನು. ಆದರೆ ಅವನಿಗೆ ಬಹಿಷ್ಕಾರ ಹಾಕಿರಲಿಲ್ಲ. ಹಾಕಿರದಿದ್ದ ಮೇಲೆ ಅವನು ಬ್ರಾಹ್ಮಣನೇ. ಬ್ರಾಹ್ಮಣನ ಹೆಣವನ್ನು ಬೇರೆಯವರು ಮುಟ್ಟುವಂತಿಲ್ಲ. ಇವನ ಹೆಣ ಮುಟ್ಟಿದರೆ ಮುಟ್ಟಿದವರು ಕೆಡುತ್ತಾರೆ. ಹೆಣ ಹೋಗುವ ತನಕ ಯಾರೂ ಊಟ ಮಾಡುವಂತಿಲ್ಲ. ಚಂದ್ರಿ ತನ್ನ ಮೈಮೇಲಿನ ಚಿನ್ನವನ್ನೆಲ್ಲ ಬಿಚ್ಚಿ ಸಂಸ್ಕಾರದ ಖರ್ಚಿಗೆಂದು ಮುಂದಿಟ್ಟ ಕೂಡಲೇ ಒಲ್ಲೆ ಎನ್ನುತ್ತಿದ್ದವರಿಗೆಲ್ಲ ಆಸೆ ಹುಟ್ಟುತ್ತದೆ.

ತೀರ್ಮಾನ ಹೇಳಬೇಕಾದವರು ಕಾಶಿಯಲ್ಲಿ ಓದಿ ಬಂದ ಪ್ರಾಣೇಶಾಚಾರ್ಯರು. ತಾಳೆಗರಿ ತಿರುವುತ್ತಾರೆ, ಉತ್ತರ ಸಿಗುವುದಿಲ್ಲ. ಮಾರುತಿಯ ಗುಡಿಗೆ ಹೋಗಿ ಬಲಗಡೆಯ ಹೂವಿನ ಪ್ರಸಾದಕ್ಕಾಗಿ ದಿನವಿಡೀ ಕಾಯುತ್ತಾರೆ, ದೇವರೂ ಮಾತಾಡುವುದಿಲ್ಲ. ಆ ರಾತ್ರಿ ಕಾಡಿನಲ್ಲಿ ಚಂದ್ರಿಯ ಜೊತೆ ನಡೆಯುವುದು ಅವರ ಉಳಿದ ಬದುಕನ್ನು ಬುಡಮೇಲು ಮಾಡುತ್ತದೆ.

ಇದನ್ನು ತೆರೆಯ ಮೇಲೆ ನೋಡುವಾಗ ನಮ್ಮನ್ನು ಹಿಡಿದಿಟ್ಟದ್ದು ಮೌನ. ಹಾಡಿಲ್ಲ, ಕುಣಿತವಿಲ್ಲ. ನೆರಳು, ಬೆಳಕು, ಹಸಿದ ಮುಖಗಳು, ಕಾಯುವ ಬೀದಿ. ಕಪ್ಪುಬಿಳುಪಿನ ಬಗ್ಗೆ ನಮ್ಮಲ್ಲೊಬ್ಬರು ಒಳ್ಳೆಯ ಮಾತು ಹೇಳಿದರು. ನಾವೀಗ ಅದನ್ನು ಕಲಾತ್ಮಕ ಆಯ್ಕೆ ಎನ್ನುತ್ತೇವೆ. ಆದರೆ ‘ಅಮರಶಿಲ್ಪಿ ಜಕಣಾಚಾರಿ’ 1964ರಲ್ಲೇ ಬಣ್ಣದಲ್ಲಿ ಬಂದಿದ್ದರೂ 1970ರ ಹೊತ್ತಿಗೂ ಕನ್ನಡದ ಹೆಚ್ಚಿನ ಚಿತ್ರಗಳು ಕಪ್ಪುಬಿಳುಪೇ. ಬಣ್ಣ ದುಬಾರಿ, ಕೈಯಲ್ಲಿ ದುಡ್ಡು ಕಡಿಮೆ. ಬಡತನದಿಂದ ಬಂದದ್ದನ್ನು ಕಾಲ ಶೈಲಿಯನ್ನಾಗಿ ಮಾಡಿತು. ಆದರೂ ಮಡಿ ಮತ್ತು ಮೈಲಿಗೆ ಬಿಟ್ಟರೆ ಮೂರನೆಯದಿಲ್ಲ ಎಂದು ನಂಬಿದ ಜನರ ಕಥೆಗೆ ಎರಡೇ ಬಣ್ಣ ಸಾಕಿತ್ತು ಎನ್ನುವುದೂ ನಿಜ. ಆ ಎರಡರ ನಡುವಿನ ಬೂದುಬಣ್ಣದಲ್ಲೇ ಆಚಾರ್ಯರು ಕಡೆಗೆ ಅಲೆಯುತ್ತಾರೆ.

* * *

ಚಿತ್ರ ಸಿದ್ಧವಾದ ಮೇಲೆ ಅದಕ್ಕೆ ಬಿಡುಗಡೆಯ ಭಾಗ್ಯ ಸುಲಭವಾಗಿ ಸಿಗಲಿಲ್ಲ. ಮದ್ರಾಸಿನ ಸೆನ್ಸಾರ್ ಮಂಡಳಿ ಇದನ್ನು ತಡೆಹಿಡಿಯಿತು. ಜಾತಿಯ ವಿಷಯ ಇಷ್ಟು ಬಿಗಿಯಾಗಿ ಹೇಳಿದರೆ ಜನರಲ್ಲಿ ಉದ್ವೇಗ ಹುಟ್ಟೀತು ಎಂಬ ಭಯ. ಮಾಧ್ವ ಸಮಾಜದ ಒಳಗಿನಿಂದಲೂ ಆಕ್ಷೇಪಗಳಿದ್ದವು. ಕಾದಂಬರಿ ಬಂದಾಗಲೇ ಶುರುವಾಗಿದ್ದ ಸಿಟ್ಟು ಅದು. ಕೊನೆಗೆ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಮಧ್ಯೆ ಬಂದು ಬಿಡುಗಡೆಗೆ ಒಪ್ಪಿಗೆ ಕೊಟ್ಟಿತು. ಹೀಗೆ ತಡೆ ದಾಟಿ ಬಂದ ಚಿತ್ರಕ್ಕೇ 1970ರ ಅತ್ಯುತ್ತಮ ಕಥಾಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂತು. ಆ ಗೌರವ ಪಡೆದ ಮೊದಲ ಕನ್ನಡ ಚಿತ್ರ ಅದು. ಒಂದೇ ಸರ್ಕಾರದ ಒಂದು ಕೈ ಬೇಡವೆಂದದ್ದಕ್ಕೆ ಇನ್ನೊಂದು ಕೈ ಚಿನ್ನದ ಪದಕ ಕೊಟ್ಟಿತು.

ಇದಾದ ಮೇಲೆ ‘ಸಂಸ್ಕಾರ’ದ ಹೆಸರಿನ ಹಿಂದೆ ‘ಮೊದಲ’ ಎಂಬ ವಿಶೇಷಣ ಅಂಟಿಕೊಂಡಿತು. ಕನ್ನಡದ ಮೊದಲ ಹೊಸ ಅಲೆಯ ಚಿತ್ರ ಎಂದು ನಾವೆಲ್ಲ ಹೇಳುತ್ತೇವೆ. ಇಲ್ಲಿ ಸ್ವಲ್ಪ ನಿಧಾನಿಸಬೇಕು. ಎನ್. ಲಕ್ಷ್ಮೀನಾರಾಯಣರ ‘ನಾಂದಿ’ 1964ರಲ್ಲೇ ಬಂದಿತ್ತು. ಗದ್ದಲವಿಲ್ಲದೆ, ಸುತ್ತಲಿನ ಬದುಕನ್ನು ಅದು ಇದ್ದ ಹಾಗೆ ನೋಡಿದ ಚಿತ್ರ. ಸ್ಟುಡಿಯೋ ಬಿಟ್ಟು ಹೊರಗೆ ಚಿತ್ರೀಕರಿಸಿದ್ದೂ ಇದೇ ಮೊದಲಲ್ಲ. ಪುಟ್ಟಣ್ಣ ಕಣಗಾಲರ ‘ಬೆಳ್ಳಿಮೋಡ’ (1967) ಮಲೆನಾಡಿನಲ್ಲಿ ಓಡಾಡಿ ಬಂದಿತ್ತು. ಇನ್ನು ದೇಶದ ಮಟ್ಟದಲ್ಲಿ ಮೃಣಾಲ್ ಸೇನರ ‘ಭುವನ್ ಶೋಮ್’ 1969ರಲ್ಲೇ ದಾರಿ ತೆರೆದಿತ್ತು. ಹಾಗಾದರೆ ‘ಸಂಸ್ಕಾರ’ದಿಂದ ಆದ ಹೊಸತೇನು? ಕನ್ನಡದ ನವ್ಯ ಸಾಹಿತ್ಯ ಇಡೀ ಬಳಗವಾಗಿ ಚಿತ್ರರಂಗದೊಳಗೆ ಕಾಲಿಟ್ಟದ್ದು. ಕತೆಗಾರ, ನಾಟಕಕಾರ, ಕವಿ, ಚಿತ್ರಕಾರ, ವಾದಕ, ಎಲ್ಲರೂ ಒಟ್ಟಿಗೆ. ವೃತ್ತಿಯ ಚಿತ್ರೋದ್ಯಮದ ಅಪ್ಪಣೆ ಇಲ್ಲದೆಯೂ ಸಿನಿಮಾ ಮಾಡಬಹುದು ಎಂಬ ಧೈರ್ಯ ಅಲ್ಲಿಂದ ಬಂತು.

ಆ ಧೈರ್ಯದ ಫಲ ಬೇಗನೆ ಕಾಣಿಸಿತು. ಕಾರ್ನಾಡ ಮತ್ತು ಬಿ. ವಿ. ಕಾರಂತರು ಸೇರಿ ಭೈರಪ್ಪನವರ ‘ವಂಶವೃಕ್ಷ’ವನ್ನು ತೆರೆಗೆ ತಂದರು. ಕಾರ್ನಾಡರು ‘ಕಾಡು’ (1973) ಮಾಡಿದರು. ಕಾರಂತರು ಮಾಡಿದ ‘ಚೋಮನ ದುಡಿ’ಗೆ 1975ರ ಸ್ವರ್ಣಕಮಲ ಬಂತು. ನಾರಣಪ್ಪನಾಗಿದ್ದ ಲಂಕೇಶರು ‘ಪಲ್ಲವಿ’ (1976) ಮಾಡಿ ರಾಷ್ಟ್ರಮಟ್ಟದಲ್ಲಿ ಅತ್ಯುತ್ತಮ ನಿರ್ದೇಶಕರಾದರು, 1980ರಲ್ಲಿ ‘ಲಂಕೇಶ್ ಪತ್ರಿಕೆ’ ಶುರುಮಾಡಿದರು. ಅನಂತಮೂರ್ತಿಯವರದೇ ಇನ್ನೊಂದು ಕಥೆಯನ್ನು ಗಿರೀಶ ಕಾಸರವಳ್ಳಿ ‘ಘಟಶ್ರಾದ್ಧ’ (1977) ಮಾಡಿದಾಗ ಮತ್ತೊಂದು ಸ್ವರ್ಣಕಮಲ. ಅದೂ ಕಪ್ಪುಬಿಳುಪು, ಅದೂ ಅಗ್ರಹಾರ, ಅದೂ ಹೆಣ್ಣೊಬ್ಬಳ ಬಹಿಷ್ಕಾರ. ಫಿಲ್ಮ್ ಹೆರಿಟೇಜ್ ಫೌಂಡೇಷನ್ ಮತ್ತು ಮಾರ್ಟಿನ್ ಸ್ಕಾರ್ಸೆಸಿಯವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಕೂಡಿ ಹೊಸದಾಗಿ ಸರಿಪಡಿಸಿದ ‘ಘಟಶ್ರಾದ್ಧ’ದ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು.

ಇತ್ತ ಕಾದಂಬರಿಯೂ ಸಮುದ್ರ ದಾಟಿತು. ಶಿಕಾಗೋದಲ್ಲಿದ್ದ ಎ. ಕೆ. ರಾಮಾನುಜನ್ ಮಾಡಿದ ಇಂಗ್ಲಿಷ್ ಅನುವಾದ 1976ರಲ್ಲಿ ಪುಸ್ತಕವಾಗಿ ಬಂತು. ಅಂದರೆ ಕನ್ನಡ ಬಾರದ ಪ್ರಪಂಚಕ್ಕೆ ‘ಸಂಸ್ಕಾರ’ ಮೊದಲು ತಿಳಿದದ್ದು ಸಿನಿಮಾ ಆಗಿ, ಪುಸ್ತಕವಾಗಿ ಆಮೇಲೆ. 1977ರಲ್ಲಿ ವಿ. ಎಸ್. ನೈಪಾಲ್ ತಮ್ಮ ಭಾರತದ ಕುರಿತಾದ ಪುಸ್ತಕದಲ್ಲಿ ಈ ಕಾದಂಬರಿಯನ್ನು ಹಿಡಿದು, ಗಾಯಗೊಂಡ ನಾಗರಿಕತೆಯೊಂದರ ಸಾಕ್ಷಿಯಂತೆ ಅದನ್ನು ಓದಿದರು. ಅನೇಕ ಕನ್ನಡಿಗರಿಗೆ ಆ ಓದು ಒಪ್ಪಿಗೆಯಾಗಲಿಲ್ಲ. ಒಳಗಿನವನೊಬ್ಬ ತನ್ನ ಮನೆಯ ಜೊತೆ ಆಡಿದ ಜಗಳವನ್ನು ಹೊರಗಿನವನು ಆ ಮನೆಯ ವಿರುದ್ಧದ ತೀರ್ಪಾಗಿ ಓದಿದರೆ ಹೀಗಾಗುತ್ತದೆ. ಪರದೇಶದಲ್ಲಿ ಕುಳಿತು ಊರಿನ ಬಗ್ಗೆ ಮಾತನಾಡುವ ನಾವೂ ಈ ಎಚ್ಚರವನ್ನು ಇಟ್ಟುಕೊಳ್ಳಬೇಕು.

ಒಳಗಿನ ಟೀಕೆಗಳೂ ಕಡಿಮೆಯೇನಿಲ್ಲ. ಬ್ರಾಹ್ಮಣ ಹೆಂಗಸರೆಲ್ಲ ಬತ್ತಿದವರು, ರೋಗಿಗಳು. ಕೆಳಜಾತಿಯ ಹೆಂಗಸರೆಲ್ಲ ತುಂಬಿದ ಮೈಯವರು, ಗಂಡಸಿನ ಬಿಡುಗಡೆಗೆ ದಾರಿಯಾಗುವವರು. ಈ ವಿಂಗಡಣೆ ಯಾರ ಕಣ್ಣಿನದು ಎಂದು ದಲಿತ ಓದುಗರೂ ಸ್ತ್ರೀವಾದಿಗಳೂ ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಇನ್ನೊಂದನ್ನೂ ಸೇರಿಸಬಹುದು. ಕಾದಂಬರಿಯಲ್ಲಿ ಅಗ್ರಹಾರದ ಒಂದು ಹೆಣಕ್ಕಾಗಿ ಇಷ್ಟೆಲ್ಲ ಶಾಸ್ತ್ರಮಥನ ನಡೆಯುತ್ತಿರುವಾಗ, ಅದೇ ಪ್ಲೇಗಿನಿಂದ ಹೊಲೆಗೇರಿಯಲ್ಲಿ ಸತ್ತವರನ್ನು ಗುಡಿಸಲಿನ ಸಮೇತ ಸುಟ್ಟುಬಿಡುತ್ತಾರೆ. ಅಲ್ಲಿ ಯಾರೂ ತಾಳೆಗರಿ ತಿರುವುವುದಿಲ್ಲ. ಆ ಬೆಂಕಿಯನ್ನು ನಮ್ಮಲ್ಲಿ ಎಷ್ಟು ಜನ ನೆನಪಿಟ್ಟಿದ್ದೇವೆ?

* * *

ಚಿತ್ರ ಮುಗಿದು ದೀಪ ಹಾಕಿದ ಮೇಲೆ ಎಂದಿನಂತೆ ಚರ್ಚೆ ಏರಿತು. ನಾರಣಪ್ಪ ಸರಿಯೋ ಆಚಾರ್ಯರು ಸರಿಯೋ, ಆಚಾರ್ಯರು ಅಗ್ರಹಾರಕ್ಕೆ ಹೋಗಿ ನಿಜ ಹೇಳುತ್ತಾರೋ ಇಲ್ಲವೋ, ಕಾದಂಬರಿಯಲ್ಲಿ ಅಸ್ತಿತ್ವವಾದ ಎಷ್ಟು, ವೇದಾಂತ ಎಷ್ಟು. ನಮ್ಮ ನಡುವಿನ ಹಿರಿಯರಿಬ್ಬರು 1978ರಲ್ಲಿ ಮೈಸೂರಿನ ಹಾಸ್ಟೆಲಿನಲ್ಲಿ ನಿಲ್ಲಿಸಿದ್ದ ವಾದವನ್ನು ಅಲ್ಲಿಂದಲೇ ಮುಂದುವರಿಸಿದಂತಿತ್ತು. ಆಗ ಮೂಲೆಯಲ್ಲಿ ಕುಳಿತಿದ್ದ, ಇಲ್ಲೇ ಹುಟ್ಟಿ ಬೆಳೆದ ಹುಡುಗಿಯೊಬ್ಬಳು ಕೇಳಿದಳು:

“ಅಂಕಲ್, ಒಂದು ಡೌಟು. ಇವರೆಲ್ಲ ಬರೀ ಮಾತಾಡ್ತಾನೇ ಇದ್ರಲ್ಲ. ಕೊನೆಗೆ ಬಾಡಿ ಸುಟ್ಟಿದ್ದು ಆ ಚಂದ್ರೀನೇ ತಾನೆ?”

ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಯಾಕೆಂದರೆ ಅದು ನಿಜ. ಆಚಾರ್ಯರು ಗೊಂದಲದಲ್ಲಿ ಮುಳುಗಿರುವಾಗ, ಬ್ರಾಹ್ಮಣರು ಪಕ್ಕದ ಊರುಗಳಿಗೆ ಉತ್ತರ ಕೇಳಲು ನಡೆದಿರುವಾಗ, ಚಂದ್ರಿ ಒಬ್ಬಳೇ ಕೊಳೆಯುತ್ತಿರುವ ಆ ಹೆಣದ ಎದುರು ನಿಲ್ಲುತ್ತಾಳೆ. ಬ್ರಾಹ್ಮಣನ ಹೆಣವೆಂದು ಗಾಡಿಯವನೊಬ್ಬ ಹೆದರಿ ಹಿಂದೆ ಸರಿಯುತ್ತಾನೆ. ಕೊನೆಗೆ ನಾರಣಪ್ಪನಿಂದ ಉಪಕಾರ ಪಡೆದಿದ್ದ ಮುಸಲ್ಮಾನನೊಬ್ಬನ ಸಹಾಯದಿಂದ, ರಾತ್ರಿ ಗಾಡಿಯಲ್ಲಿ ಸಾಗಿಸಿ ಸುಟ್ಟು, ಅತ್ತು, ಅವಳು ಊರು ಬಿಟ್ಟು ಹೋಗುತ್ತಾಳೆ. ಅಗ್ರಹಾರಕ್ಕೆ ಇದು ಗೊತ್ತೇ ಆಗುವುದಿಲ್ಲ. ಆ ಮನೆಯಲ್ಲಿ ಹೆಣ ಇನ್ನೂ ಇದೆ ಎಂದುಕೊಂಡೇ ಅವರು ಶಾಸ್ತ್ರ ಹುಡುಕುತ್ತಿರುತ್ತಾರೆ.

ಅಗ್ರಹಾರದಂತೆಯೇ ನಮಗೂ ಇದು ಗೊತ್ತಾಗಿರಲಿಲ್ಲವೇ? ಇಷ್ಟು ವರ್ಷಗಳ ವಿಮರ್ಶೆಯಲ್ಲಿ ಚಂದ್ರಿಯನ್ನು ನಾವು ಆಚಾರ್ಯರ ಪರಿವರ್ತನೆಗೆ ಕಾರಣಳಾದವಳು ಎಂದೇ ಓದಿಕೊಂಡು ಬಂದಿದ್ದೇವೆ. ಸಂಸ್ಕಾರ ಎಂಬ ಹೆಸರಿನ ಕೃತಿಯಲ್ಲಿ ಸಂಸ್ಕಾರ ಮಾಡಿದವಳು ಅವಳು ಎಂಬ ಸರಳ ಸಂಗತಿಯನ್ನು ಹೇಳಲು ಕನ್ನಡವನ್ನು ಅರ್ಧ ಕಲಿತ ಹುಡುಗಿ ಬೇಕಾಯಿತು.

ಪರದೇಶದಲ್ಲಿರುವ ನಮಗೆ ಈ ಪ್ರಶ್ನೆ ಬರೀ ಸಾಹಿತ್ಯದ್ದಲ್ಲ. ಇಲ್ಲಿ ಯಾರಾದರೂ ತೀರಿಕೊಂಡರೆ ಕಾಗದಪತ್ರ, ಚಿತಾಗಾರದ ಸರದಿ ಎಂದು ಎರಡು ಮೂರು ವಾರ ಕಾಯುವುದು ಸಾಮಾನ್ಯ. ಆ ಅವಧಿಯಲ್ಲಿ ಊಟವೂ ನಡೆಯುತ್ತದೆ, ಆಫೀಸೂ ನಡೆಯುತ್ತದೆ. 2020ರ ಮಾರ್ಚ್‌ನಲ್ಲಿ ಭಾರತಕ್ಕೆ ವಿಮಾನಗಳು ನಿಂತಾಗ ನಮ್ಮಲ್ಲಿ ಕೆಲವರು ತಂದೆ ತಾಯಿಯರ ಕೊನೆಯ ಕಾರ್ಯವನ್ನು ಫೋನಿನ ತೆರೆಯಲ್ಲಿ ನೋಡಿದರು. ಮಗನಿದ್ದೂ ಕೊಳ್ಳಿ ಇಟ್ಟವರು ಪಕ್ಕದ ಮನೆಯವರು, ಆಂಬ್ಯುಲೆನ್ಸಿನ ಹುಡುಗರು, ಹೆಸರೂ ಗೊತ್ತಿಲ್ಲದ ಸ್ವಯಂಸೇವಕರು. ಅವರ ಜಾತಿ ಯಾವುದು ಎಂದು ಆಗ ಯಾರೂ ಕೇಳಲಿಲ್ಲ. ಆಮೇಲೆ ಅವರನ್ನು ನೆನೆದವರೂ ಕಡಿಮೆ. ಶಾಸ್ತ್ರ ಸುಮ್ಮನಾದ ಹೊತ್ತಿನಲ್ಲಿ ಗಾಡಿ ಕಟ್ಟಿದವರು ಇವರೇ.

* * *

ಇನ್ನು ಚಂದ್ರಿಯಾದವರ ಕಥೆ. ಸ್ನೇಹಲತಾ ಮತ್ತು ಪಟ್ಟಾಭಿಯವರು ಮುಂದೆ ಬೆಂಗಳೂರಿನಲ್ಲಿ ನೆಲೆಸಿದರು. ಲಂಕೇಶರ ‘ಕ್ರಾಂತಿ ಬಂತು ಕ್ರಾಂತಿ’ ನಾಟಕವನ್ನು ಆಧರಿಸಿ ‘ಚಂಡಮಾರುತ’ ಎಂಬ ಚಿತ್ರ ಮಾಡಿದರು. ಜೂನ್ 1975ರಲ್ಲಿ ತುರ್ತುಪರಿಸ್ಥಿತಿ ಬಂತು. ಜಾರ್ಜ್ ಫರ್ನಾಂಡಿಸರ ಆಪ್ತರಾಗಿದ್ದ ಈ ಕುಟುಂಬದ ಮೇಲೆ ಪೊಲೀಸರ ಕಣ್ಣು ಬಿತ್ತು. ಬರೋಡ ಡೈನಮೈಟ್ ಪ್ರಕರಣದ ಹೆಸರಿನಲ್ಲಿ 1976ರ ಮೇ ತಿಂಗಳಲ್ಲಿ ಸ್ನೇಹಲತಾ ಅವರನ್ನು ಬಂಧಿಸಿದರು. ಅವರ ಮೇಲಿನ ಆರೋಪ ನಿಲ್ಲಲಿಲ್ಲ. ಆದರೂ ಮೀಸಾ ಕಾಯಿದೆಯಡಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಎಂಟು ತಿಂಗಳು ಇಟ್ಟರು. ಅವರಿಗೆ ಆಸ್ತಮಾ ಇತ್ತು. ಅದೇ ಜೈಲಿನಲ್ಲಿದ್ದ ಸಮಾಜವಾದಿ ನಾಯಕ ಮಧು ದಂಡವತೆಯವರು ರಾತ್ರಿಯ ನಿಶ್ಶಬ್ದದಲ್ಲಿ ಅವರ ಕೂಗು ಕೇಳಿಸುತ್ತಿತ್ತೆಂದು ಮುಂದೆ ಬರೆದರು. ಆ ಸ್ಥಿತಿಯಲ್ಲೂ ಸ್ನೇಹಲತಾ ದಿನಚರಿ ಬರೆದರು, ಜೊತೆಗಿದ್ದ ಹೆಣ್ಣು ಕೈದಿಗಳ ಊಟಕ್ಕಾಗಿ, ಅವರಿಗೆ ಬೀಳುತ್ತಿದ್ದ ಏಟುಗಳ ವಿರುದ್ಧ ದನಿಯೆತ್ತಿದರು. ಆರೋಗ್ಯ ಪೂರ್ತಿ ಕೆಟ್ಟ ಮೇಲೆ 1977ರ ಜನವರಿ 15ರಂದು ಪೆರೋಲಿನ ಮೇಲೆ ಹೊರಗೆ ಬಿಟ್ಟರು. ಐದು ದಿನ ಬದುಕಿದ್ದರು. ಜನವರಿ 20ರಂದು ತೀರಿಕೊಂಡಾಗ ಅವರಿಗೆ ಇನ್ನೂ ನಲವತ್ತೈದು ತುಂಬಿರಲಿಲ್ಲ.

‘ಸಂಸ್ಕಾರ’ದಿಂದ ಹೊರಟವರಲ್ಲಿ ಇಬ್ಬರಿಗೆ ಜ್ಞಾನಪೀಠ ಬಂತು, ಅನಂತಮೂರ್ತಿಯವರಿಗೆ 1994ರದು, ಕಾರ್ನಾಡರಿಗೆ 1998ರದು. ಲಂಕೇಶರು ಕನ್ನಡ ಪತ್ರಿಕೋದ್ಯಮದ ದಿಕ್ಕನ್ನೇ ಬದಲಿಸಿದರು. ಈ ಮೂವರ ಬಗ್ಗೆ ಪುಸ್ತಕಗಳ ಸಾಲೇ ಇದೆ, ಇರಬೇಕಾದದ್ದೇ. ಇವರಾರೂ ಈಗ ನಮ್ಮೊಂದಿಗಿಲ್ಲ. ಲಂಕೇಶರು 2000ದಲ್ಲಿ, ಪಟ್ಟಾಭಿಯವರು 2006ರಲ್ಲಿ, ಅನಂ್ತಮೂರ್ತಿ 2014ರಲ್ಲಿ, ಕಾರ್ನಾಡರು 2019ರಲ್ಲಿ ಹೋದರು. ಚಿತ್ರದ ಬಗ್ಗೆ ಮಾತು ಬಂದಾಗಲೆಲ್ಲ ಈ ಹೆಸರುಗಳೇ ಮೊದಲು ಬರುತ್ತವೆ. ಸ್ನೇಹಲತಾ ಅವರ ಹೆಸರು ‘ಚಂದ್ರಿಯ ಪಾತ್ರದಲ್ಲಿ’ ಎಂಬ ಸಾಲಿನಲ್ಲಿ ಬಂದು ಮುಗಿಯುತ್ತದೆ.

ಒಂದು ಚಿತ್ರದ ಕೀರ್ತಿ ಪ್ರಶಸ್ತಿಯಿಂದಲೋ ನಿಷೇಧದಿಂದಲೋ ಉಳಿಯುತ್ತದೆ ಎಂದು ಇಷ್ಟು ದಿನ ಅಂದುಕೊಂಡಿದ್ದೆವು. ಅವೆರಡೂ ಅದನ್ನು ಪೆಟ್ಟಿಗೆಯೊಳಗೆ ಇಡುತ್ತವೆ, ಅಷ್ಟೆ. ‘ಸಂಸ್ಕಾರ’ ಉಳಿದಿರುವುದು, ಐವತ್ತು ವರ್ಷ ದಾಟಿದ ಮೇಲೂ ಹೊಸಬರೊಬ್ಬರು ಅದನ್ನು ನೋಡಿ, ಹಳಬರು ಕೇಳದೆ ಬಿಟ್ಟಿದ್ದ ಪ್ರಶ್ನೆಯನ್ನು ಕೇಳುವಂತೆ ಮಾಡಿದ್ದರಿಂದ. ಆ ಹುಡುಗಿಗೆ ನಾವು ಋಣಿಗಳು. ಅವಳು ಹೊರಡುವಾಗ ಸ್ನೇಹಲತಾ ಅವರ ಜೈಲಿನ ದಿನಚರಿ ಎಲ್ಲಿ ಸಿಗುತ್ತದೆ ಎಂದು ಕೇಳಿದಳು. ನಮ್ಮ ಯಾರ ಮನೆಯಲ್ಲೂ ಅದು ಇರಲಿಲ್ಲ. ‘ಸಂಸ್ಕಾರ’ದ ಪ್ರತಿಗಳು ಮಾತ್ರ ಹನ್ನೊಂದು ಇದ್ದವು.

ನಿಮ್ಮಲ್ಲಿ ಯಾರ ಬಳಿಯಾದರೂ ಆ ದಿನಚರಿ ಇದ್ದರೆ ದಯವಿಟ್ಟು ತಿಳಿಸಿ, ಓದಿ ಜೋಪಾನವಾಗಿ ಹಿಂತಿರುಗಿಸುತ್ತೇವೆ. ಮುಂದಿನ ತಿಂಗಳು ‘ಘಟಶ್ರಾದ್ಧ’ ನೋಡುವವರಿದ್ದೇವೆ. ಊಟ ಮುಗಿಸಿಯೇ ಶುರುಮಾಡೋಣ. ಮಕ್ಕಳನ್ನೂ ಕರೆತನ್ನಿ, ಪ್ರಶ್ನೆ ಕೇಳುವವರು ನಮಗೆ ಬೇಕಾಗಿದ್ದಾರೆ.